ದಂಡಿಯಾತ್ರೆಯ ಪಟ್ಟಿಯಲ್ಲಿ ‘ಮಹಾದೇವ ಮಾರ್ತಾಂಡ’: ನಾಮಾವಳಿಗಳ ಗಣಕೀಕರಣವನ್ನು ಕುರಿತು

1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿಯಿಂದ ದಂಡಿಗೆ ಹೊರಟರು. ಅವರೊಡನೆ ನಡೆದವರ ನಾಮಾವಳಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಕರ್ನಾಟಕದ ಪಾಲಿಗೆ ಬಂದುದು ಒಂದೇ ಹೆಸರು: ‘ಮಹಾದೇವ ಮಾರ್ತಾಂಡ’. ಈತನೇ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೆಂಬುದು ನಾಡಿಗೆಲ್ಲ ವಿದಿತವಾದ ಸಂಗತಿ. ಆದರೆ ‘ಮೈಲಾರ’ ಎಂಬ ಮಾತು ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಇಂದು ಇತಿಹಾಸದ ವಿದ್ಯಾರ್ಥಿಗಳು ಇಂತಹ ಪಟ್ಟಿಗಳನ್ನು ಗಣಕಯಂತ್ರಕ್ಕೆ ಅಳವಡಿಸುತ್ತಿರುವರು. ಪ್ರೋಗ್ರಾಂ ಒಂದೊಂದು ಸಾಲನ್ನೂ ಓದಿ, ಅಲ್ಪವಿರಾಮವಿದ್ದೆಡೆ ತುಂಡರಿಸಿ, ಒಂದು ತುಂಡನ್ನು ಕೀಲಿಪದವಾಗಿಯೂ ಉಳಿದುದನ್ನು ಅದರ ವಿವರವಾಗಿಯೂ ಇಡುತ್ತದೆ. ಪೈಥಾನ್ ಭಾಷೆಯಲ್ಲಿ ಈ ಬಗೆಯ ಸಂಗ್ರಹಕ್ಕೆ ಡಿಕ್ಷನರಿ ಎಂದೇ ಹೆಸರು. ಆದರೆ ಕಿಟ್ಟೆಲರ ನಿಘಂಟಿಗೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಕಿಟ್ಟೆಲರಲ್ಲಿ ಒಂದೇ ರೂಪದ ಎರಡು ಶಬ್ದಗಳು ಒಂದರ ಕೆಳಗೊಂದು ನಿಲ್ಲಬಲ್ಲವು. ಇಲ್ಲಿ ಅದೇ ಕೀಲಿಪದಕ್ಕೆ ಎರಡನೆಯ ವಿವರ ಬಂದರೆ ಮೊದಲನೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಮೋಟೆಬೆನ್ನೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಪ್ರಾಂತದ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಈ ಕ್ರಮದಲ್ಲಿ ಬರೆದರೆ ‘ಮಹಾದೇವಪ್ಪ ಮಾರ್ತಾಂಡಪ್ಪ ಮೈಲಾರ’ ಎಂದಾಗುತ್ತದೆ. ಪಟ್ಟಿಕಾರರು ಮೊದಲಿನ ಎರಡನ್ನು ಹಿಡಿದು ಮೂರನೆಯದನ್ನು ಬಿಟ್ಟರು. ಕನ್ನಡಿಗರ ವಾಡಿಕೆ ಮನೆತನವನ್ನು ಮುಂದಿಟ್ಟು ತಂದೆಯ ಹೆಸರನ್ನು ಬಿಟ್ಟಿತು. ಕಡೆಯ ಪದವೇ ಕುಲನಾಮವೆಂಬ ನಿಯಮವನ್ನು ಪ್ರೋಗ್ರಾಮಿಗೆ ವಿಧಿಸಿದರೆ ಒಬ್ಬನೇ ವ್ಯಕ್ತಿ ‘ಮಾರ್ತಾಂಡ’, ‘ಮಹಾದೇವಪ್ಪ’, ‘ಮೈಲಾರ’ ಎಂಬ ಮೂರು ಕೀಲಿಪದಗಳಡಿ ಮೂವರಾಗುವನು. ದಂಡಿಗೆ ನಡೆದವನೊಬ್ಬ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವನು ಮತ್ತೊಬ್ಬ ಎಂದು ಯಂತ್ರ ನಿರ್ಣಯಿಸುವುದು. (ಮೈಲಾರದೇವನಿಗೆ ಮಾರ್ತಾಂಡಭೈರವನೆಂಬ ಹೆಸರೂ ಇರುವುದರಿಂದ ಒಂದು ಮತ್ತೊಂದರ ರೂಪಾಂತರವೆಂದು ಊಹಿಸುವ ಆಸೆ ಹುಟ್ಟೀತು, ಚಮತ್ಕಾರದ ಊಹೆ, ಆದರೆ ಅನಾವಶ್ಯಕ. ಮಾರ್ತಾಂಡಪ್ಪ ತಂದೆಯ ಹೆಸರು.)

ಇಲ್ಲಿ ನೆರವಿಗೆ ಬರುವುದು ನಾವು ಅಷ್ಟಾಗಿ ಗಮನಿಸದ ವಿವರ. ವಯಸ್ಸನ್ನೂ ನಮೂದಿಸಿದ ಪಟ್ಟಿಗಳಲ್ಲಿ ಮಹಾದೇವ ಮಾರ್ತಾಂಡನಿಗೆ 18 ವರ್ಷ. ಮಹಾದೇವಪ್ಪನು ಹುಟ್ಟಿದ್ದು 1911ರ ಜೂನ್ ತಿಂಗಳಲ್ಲಿ. ಯಾತ್ರೆಯ ದಿನ ಅವನಿಗೆ 18 ತುಂಬಿ 19 ನಡೆಯುತ್ತಿತ್ತು. ಪ್ರಾಂತ, ವಯಸ್ಸು, ತಂದೆಯ ಹೆಸರು ಮೂರೂ ಒಬ್ಬನನ್ನೇ ತೋರುತ್ತವೆ.

ಆದುದರಿಂದ ವ್ಯಕ್ತಿನಾಮವನ್ನು ಕೀಲಿಪದವಾಗಿ ಇಡಲಾಗದೆಂಬುದು ನನ್ನ ಅಭಿಪ್ರಾಯ. ವ್ಯಕ್ತಿಗೊಂದು ಕ್ರಮಾಂಕವನ್ನು ಕೊಟ್ಟು, ಆಧಾರಗಳಲ್ಲಿ ಕಾಣುವ ಹೆಸರಿನ ಎಲ್ಲ ರೂಪಗಳನ್ನೂ, ತಿದ್ದದೆ, ಆಯಾ ಆಧಾರದ ಉಲ್ಲೇಖದೊಡನೆ ಅದರಡಿ ಬರೆಯಬೇಕು. ಹೊಸರಿತ್ತಿಯಲ್ಲಿ ಮಹಾದೇವಪ್ಪನೊಡನೆ ಮಡಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ನಮ್ಮ ಸೀಮೆಯಲ್ಲಿ ಹಿರೇಮಠರಿಲ್ಲದ ಊರು ವಿರಳ. ಮನೆತನವನ್ನೇ ಕೀಲಿಪದವಾಗಿಟ್ಟ ಸಂಗ್ರಹಕ್ಕೆ ಮತ್ತೊಬ್ಬ ಹಿರೇಮಠರ ಸಾಲು ಬಂದು ಸೇರಿದೊಡನೆಯೇ ವೀರಯ್ಯನ ಹೆಸರು ಅಲ್ಲಿಂದ ಮಾಯವಾಗುವುದು.