ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ಅಷ್ಟರವರೆಗೆ ಕನ್ನಡಕ್ಕೆ ಕಾಲೇಜಿನೊಳಗೆ ಜಾಗ ಎಲ್ಲಿತ್ತು ಅಂದರೆ, ಹೆಚ್ಚಾಗಿ ತರಗತಿ ಮುಗಿದ ಮೇಲೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘ ಅಂಥ ಜಾಗ.

ಶಾಸ್ತ್ರಿಗಳು ಭಾಷಣಕ್ಕೇ ನಿಲ್ಲಲಿಲ್ಲ. ಭಾಷಣ ಸಂಜೆಗೇ ಮುಗಿದುಹೋಗ್ತದೆ. ಅಚ್ಚಾದ ಸಂಚಿಕೆ ಅಂಚೆಯಲ್ಲಿ ಊರೂರು ತಿರುಗ್ತದೆ. 1919ರಲ್ಲಿ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಹೊರಟಿತು, ಅವರೇ ಸಂಪಾದಕರು. ‘ಶ್ರೀಪತಿ’ ಎಂಬ ಹೆಸರಿನಲ್ಲಿ ಕಥೆ ಬರೆದವರೂ ಇವರೇ. ಮುಂದೆ ಪತ್ರಿಕೆಯನ್ನು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು.

ಪತ್ರಿಕೆ ಹೋದರೂ ಸಂಘ ಉಳಿಯಿತು. ‘ರತ್ನನ ಪದಗಳು’ ಬರೆದ ಜಿ. ಪಿ. ರಾಜರತ್ನಂ ಅಲ್ಲಿಗೆ ಮೇಷ್ಟ್ರಾಗಿ ಬಂದ ಮೇಲೆ ಅದಕ್ಕೆ ಮತ್ತೆ ಕಳೆ. ಭೂವಿಜ್ಞಾನ ಓದ್ತಿದ್ದ ನಿಸಾರ್ ಅಹಮದ್‌ರಂಥವರಿಗೂ ಅವರು ಗುರುಗಳು. ಹುಡುಗರಿಂದ ಬರೆಸಿದರು, ಅಚ್ಚು ಹಾಕಿಸಿದರು, ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಮೇಷ್ಟ್ರು ಚೀಲ ಹೊರುವುದು ಕೆಲವರಿಗೆ ಸಣ್ಣ ಕೆಲಸ ಅನ್ನಿಸಿರಬಹುದು. ನನಗೆ ಸಂಘದ ಚರಿತ್ರೆಯಲ್ಲಿ ಅದೇ ದೊಡ್ಡದಾಗಿ ಕಾಣ್ತದೆ. ಗಡಿಯಾಚೆಯ ನಮ್ಮ ವಾಚನಾಲಯದ ಬೀರುವಿನಲ್ಲಿಯೂ ಪುಸ್ತಕ ಉಂಟು. ಹೊತ್ತುಕೊಂಡು ಮನೆಮನೆಗೆ ಹೋಗುವವರು ಇಬ್ಬರೋ ಮೂವರೋ.