ಸುತ್ತೋಲೆಗಿಂತ ಮೊದಲು ಬಂದ ಸುದ್ದಿ

'ಸುತ್ತು' ಮತ್ತು 'ಓಲೆ' ಕೂಡಿ ಆದ 'ಸುತ್ತೋಲೆ' ಎಂಬುದು ಕೈಯಿಂದ ಕೈಗೆ ಸಾಗುವ ಬರಹ. ಬ್ಯಾಂಕಿನ ಪ್ರಧಾನ ಕಚೇರಿಯು ಬಡ್ಡಿದರ, ನಿಯಮ, ಪದ್ಧತಿಗಳಲ್ಲಿನ ಬದಲಾವಣೆಯನ್ನು ಶಾಖೆಗಳಿಗೆ ತಿಳಿಸುವ ಪತ್ರಕ್ಕೆ ಇದೇ ಹೆಸರು. ಕರಾವಳಿಯ ಬ್ಯಾಂಕುಗಳ ಚರಿತ್ರೆಯನ್ನು ಸ್ಥಾಪಕರಿಂದ ಆರಂಭಿಸುವುದು ವಾಡಿಕೆ. ಆದರೆ ಅವುಗಳ ಒಡೆತನವೂ ಹೆಸರೂ ಬದಲಾದ ಸುದ್ದಿ ಗುಮಾಸ್ತರ ಮೇಜಿಗೆ ಬಂದ ದಾರಿಯನ್ನು ಹಿಡಿದು ಹೊರಟರೆ, ದೊಡ್ಡ ಬದಲಾವಣೆಗಳು ಸುತ್ತೋಲೆಗಿಂತ ಮೊದಲೇ ಹೊರಗಿನವರ ಬಾಯಿಂದ ಕೇಳಿಬಂದದ್ದು ಕಾಣುತ್ತದೆ.

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕು ಮತ್ತು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕುಗಳು 50 ಕೋಟಿ ರೂಪಾಯಿಗೂ ಮಿಕ್ಕಿ ಠೇವಣಿಯಿದ್ದ 14 ಬ್ಯಾಂಕುಗಳ ಪಟ್ಟಿಯಲ್ಲಿದ್ದವು. 1969ರ ಜುಲೈ 19ರ ಶನಿವಾರ ರಾತ್ರಿ ಪ್ರಧಾನಿ ಇಂದಿರಾ ಗಾಂಧಿ ಅವರು ಈ ಬ್ಯಾಂಕುಗಳ ರಾಷ್ಟ್ರೀಕರಣವನ್ನು ಸಾರಿದ್ದು ಬಾನುಲಿಯಲ್ಲಿ. ಸಂಸತ್ತಿನ ಅಧಿವೇಶನ ಸೇರಲು ಎರಡೇ ದಿನ ಉಳಿದಿದ್ದಾಗ ಸುಗ್ರೀವಾಜ್ಞೆಯ ಮೂಲಕ, ಅಂದರೆ ಸಂಸತ್ತು ನಡೆಯದಿರುವಾಗ ರಾಷ್ಟ್ರಪತಿಗಳು ಹೊರಡಿಸುವ ಶಾಸನದ ಮೂಲಕ, ನಡೆದ ಈ ಕಾರ್ಯದಲ್ಲಿ ನೌಕರರಿಗೆ ಮುನ್ಸೂಚನೆ ಕೊಡಲು ಎಡೆಯೇ ಇರಲಿಲ್ಲ. ಆದರೂ ಹಳೆಯ ಅಧ್ಯಕ್ಷರೇ 'ಕಸ್ಟೋಡಿಯನ್', ಎಂದರೆ ಸರ್ಕಾರದ ಪರವಾಗಿ ಆಡಳಿತ ನೋಡುವ ಪಾಲಕ, ಎಂಬ ಹೆಸರಿನಲ್ಲಿ ಮುಂದುವರಿದರು; ಹೆಸರಿನಿಂದ ಉದುರಿದ್ದು 'ಲಿಮಿಟೆಡ್' ಎಂಬ ಪದವೊಂದೇ. ಪರಿಚಿತ ಮುಖಗಳು ಅದೇ ಕುರ್ಚಿಯಲ್ಲಿ ಕಾಣಿಸಿದ್ದೇ ಯಾವ ವಿವರಣೆಗಿಂತಲೂ ಹೆಚ್ಚು ಧೈರ್ಯ ಕೊಟ್ಟಿರಬೇಕು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯ ಬ್ಯಾಂಕುಗಳೂ ಇದೇ ಹಾದಿ ಹಿಡಿದವು. ಕೇಂದ್ರದ ಒಡೆತನದ ಸಂಸ್ಥೆಗಳ ಸಾಮಾನ್ಯ ಆದೇಶಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂಬುದು ರಾಜಭಾಷಾ ಕಾಯಿದೆಯ ನಿಯಮವಾದ್ದರಿಂದ, ತುಳು, ಕೊಂಕಣಿ, ಕನ್ನಡಗಳ ನಡುವೆ ಬೆಳೆದ ಬ್ಯಾಂಕುಗಳ ಸುತ್ತೋಲೆಗಳಿಗೆ ಈ ಮೂರರಲ್ಲಿ ಯಾವುದೂ ಕಡ್ಡಾಯವಾಗಲಿಲ್ಲ.

ವಿಲೀನಗಳ ಕಾಲದಲ್ಲಿ ಮೌನಕ್ಕೆ ಮತ್ತೊಂದು ಕಾರಣ ಸೇರಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಸಂಸ್ಥೆಯು ಷೇರಿನ ಬೆಲೆಯನ್ನು ಏರುಪೇರು ಮಾಡಬಲ್ಲ ಮಾಹಿತಿಯನ್ನು ಕೆಲವರಿಗಷ್ಟೇ ಮೊದಲು ತಿಳಿಸುವಂತಿಲ್ಲ. ಆ ಕೆಲವರಲ್ಲಿ ಅದರ ನೌಕರರೂ ಸೇರುತ್ತಾರೆ. ವಿಜಯ ಬ್ಯಾಂಕನ್ನು ಬ್ಯಾಂಕ್ ಆಫ್ ಬರೋಡಾದೊಂದಿಗೆ ಸೇರಿಸುವ ಪ್ರಸ್ತಾವ 2018ರ ಸೆಪ್ಟೆಂಬರ್ 17ರಂದು ಹೊರಬಿದ್ದಾಗ ನೌಕರರ ಸಂಘಗಳು ವಿರೋಧಿಸಿದವು, ಡಿಸೆಂಬರ್ 26ರಂದು ಮುಷ್ಕರ ನಡೆಯಿತು, ವಿಲೀನವೂ 2019ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 30ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾಗುವುದೆಂದು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಪ್ರಕಟಿಸಿದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಯಾರ ಕೆಲಸವೂ ಹೋಗದೆಂಬ ಭರವಸೆಯನ್ನೂ ನೀಡಿದರು. ಕೆಲಸ ಉಳಿಯುವುದೆಂಬ ಮಾತು ದೊಡ್ಡದೇ, ಆದರೆ ಯಾವ ಊರಿಗೆ ವರ್ಗ, ಸೇವಾ ಹಿರಿತನದ ಎಣಿಕೆ ಹೇಗೆ, ಒಂದೇ ಬೀದಿಯ ಎರಡು ಶಾಖೆಗಳಲ್ಲಿ ಉಳಿಯುವುದು ಯಾವುದು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿಲ್ಲ.

2020ರ ಏಪ್ರಿಲ್ 1ರಂದು ಈ ವಿಲೀನಗಳು ಜಾರಿಗೆ ಬಂದಾಗ ದೇಶವೇ ಲಾಕ್‌ಡೌನಿನಲ್ಲಿತ್ತು. ಎರಡು ಬ್ಯಾಂಕಿನವರು ಒಂದೆಡೆ ಕುಳಿತು ಮುಖತಃ ಮಾತಾಡಿಕೊಳ್ಳುವ ಅವಕಾಶವೂ ಹಾಗೆ ತಪ್ಪಿತು. ಶಾಖೆಯ ಗುರುತಿನ ಸಂಕೇತವಾದ ಐಎಫ್‌ಎಸ್‌ಸಿಯಲ್ಲಿ ಸಿಂಡಿಕೇಟಿನ ಹೆಸರನ್ನು ಸೂಚಿಸುತ್ತಿದ್ದ ಎಸ್‌ವೈಎನ್‌ಬಿ ಎಂಬ ನಾಲ್ಕಕ್ಷರಗಳು ಮಾತ್ರ ಮತ್ತೂ ಒಂದು ವರ್ಷದ ಮೇಲೆ ಚಲಾವಣೆಯಲ್ಲಿದ್ದು, 2021ರ ಜುಲೈ 1ರಿಂದ ನಿಂತುಹೋದವು.