ಲೋಡಿಂಗ್ ಕಾಯಿಲ್ (ಹವ್ಯಾಸಿ ರೇಡಿಯೋ)

ಬೇಕಾದ ಉದ್ದಕ್ಕಿಂತ ಗಿಡ್ಡವಾದ ಆಂಟೆನಾಕ್ಕೆ ಸರಣಿಯಲ್ಲಿ ಸೇರಿಸುವ ತಂತಿಸುರುಳಿ. 40 ಮೀಟರ್ ಬ್ಯಾಂಡಿನ ಕಾಲು ತರಂಗದ ಲಂಬ ಆಂಟೆನಾ ಸುಮಾರು 10 ಮೀಟರ್ ಎತ್ತರ ಬೇಡುತ್ತದೆ. ಹೈದರಾಬಾದಿನ ಹಿಮಾಯತ್‌ನಗರದಂಥ ಒತ್ತೊತ್ತಾದ ಬಡಾವಣೆಯಲ್ಲಿ ನೀರಿನ ಟ್ಯಾಂಕು, ಡಿಶ್‌ಗಳಿಂದ ತುಂಬಿದ ತಾರಸಿಗೆ ಅದು ಹೊಂದುವುದಿಲ್ಲ. ಹ್ಯಾಮ್‌ಗಳು (ಹವ್ಯಾಸಿ ರೇಡಿಯೋ ಬಳಸುವವರು) ವಿಪ್ ಎಂಬ ಗಿಡ್ಡ ಕಡ್ಡಿ ಆಂಟೆನಾ ಹಾಗೂ ಕಾಯಿಲ್‌ನ ಮೊರೆ ಹೋಗುವುದು ಇಂಥ ಕಡೆಗಳಲ್ಲೇ.

ಇದರ ಮೂಲವನ್ನು ಆಲಿವರ್ ಹೆವಿಸೈಡ್‌ಗೆ ಒಪ್ಪಿಸುವ ಬರಹಗಳು ಎರಡು ಬೇರೆ ವಸ್ತುಗಳನ್ನು ಬೆರೆಸುತ್ತವೆ. 1887ರಲ್ಲಿ ಹೆವಿಸೈಡ್ ಹೇಳಿದ್ದು ದೂರವಾಣಿ ತಂತಿಯ ಇಂಡಕ್ಟನ್ಸ್ ಹೆಚ್ಚಿಸಿ ಮಾತು ವಿಕೃತವಾಗದಂತೆ ತಡೆಯುವ ಬಗ್ಗೆ. ಜಾರ್ಜ್ ಕ್ಯಾಂಬೆಲ್, ಮೈಕೆಲ್ ಪ್ಯೂಪಿನ್ 1900ರ ಆಸುಪಾಸಿನಲ್ಲಿ ಕಾರ್ಯಗತಗೊಳಿಸಿದ್ದೂ ಅದನ್ನೇ. ಏರಿಯಲ್ ಅನ್ನು ಶ್ರುತಿಗೂಡಿಸಲು ಸುರುಳಿ ಬಳಸಿದ ಆಲಿವರ್ ಲಾಡ್ಜ್‌ನ 1898ರ ಅಮೆರಿಕನ್ ಪೇಟೆಂಟ್ ಇದಕ್ಕೆ ಹೆಚ್ಚು ಹತ್ತಿರದ ಪೂರ್ವಜ. ಹ್ಯಾಮ್‌ಗಳ ಮಟ್ಟಿಗೆ ಮುಖ್ಯ ತಿರುವು ಎಂದರೆ ವಾಹನಗಳ ಗಿಡ್ಡ ಆಂಟೆನಾ ಕುರಿತು ಜಾನ್ ಬೆಲ್‌ರೋಸ್ 1953ರಲ್ಲಿ ‘ಕ್ಯೂಎಸ್‌ಟಿ’ ಪತ್ರಿಕೆಗೆ ಬರೆದ ಲೇಖನ.

ತೀರದ ವಾದ ಒಂದಿದೆ: ಕಾಯಿಲ್‌ನ ಎರಡೂ ತುದಿಗಳಲ್ಲಿ ಕರೆಂಟು ಒಂದೇ ಇರುತ್ತದೆಯೇ? ಉದ್ದವನ್ನು ತರಂಗದ ಡಿಗ್ರಿಗಳಲ್ಲಿ ಅಳೆದರೆ, ಕಾಣೆಯಾದ ತಂತಿಯ ಅಷ್ಟೂ ಡಿಗ್ರಿಗಳನ್ನು ಕಾಯಿಲ್ ತುಂಬಿಕೊಡುತ್ತದೆ, ಆದ್ದರಿಂದ ಮೇಲಿನ ತುದಿಯಲ್ಲಿ ಕರೆಂಟು ಇಳಿಯಲೇಬೇಕು ಎಂಬುದು ಒಂದು ಪಕ್ಷ. ಇಂಡಕ್ಟರ್‌ಗೆ ಹೊಕ್ಕಷ್ಟೇ ಹೊರಬರಬೇಕು ಎಂಬುದು ಇನ್ನೊಂದು. ಸುರುಳಿಯನ್ನು ಪ್ರಸರಣ ಮಾರ್ಗವೆಂದು ಕಂಡ ಕೋರಮ್ ಸೋದರರ 2001ರ ಪ್ರಬಂಧ ಮೊದಲ ಪಕ್ಷಕ್ಕೆ ಬಲ ತಂದಿತು. ಮ್ಯಾಕ್ಸ್‌ವೆಲ್ ಸಿದ್ಧಾಂತದಲ್ಲಿ ಎರಡಕ್ಕೂ ಜಾಗವಿದೆ, ಸಮಪಾಲು ಮಾತ್ರ ಇಲ್ಲ. ಸುರುಳಿಯಿಂದ ಸುತ್ತಲಿನ ಅವಕಾಶಕ್ಕೆ ಸ್ಥಾನಪಲ್ಲಟ ಪ್ರವಾಹವಾಗಿ ಸೋರಿದಷ್ಟು ಕರೆಂಟು ಮಾತ್ರ ಮೇಲೆ ಕಡಿಮೆಯಾಗುತ್ತದೆ. ಗಿಡ್ಡ, ಅಡಕವಾದ ಸುರುಳಿಯಲ್ಲಿ ಈ ಸೋರಿಕೆ ಅಲ್ಪ. ಸ್ವಂತ ಅನುರಣನದ ಹತ್ತಿರವಿರುವ ಉದ್ದನೆಯ ಸುರುಳಿಯಲ್ಲಿ ಗಣನೀಯ. ‘ಕಾಣೆಯಾದ ಡಿಗ್ರಿ’ಯ ಸೂತ್ರವನ್ನು ಎಲ್ಲ ಕಾಯಿಲ್‌ಗಳಿಗೂ ಅನ್ವಯಿಸುವುದು ತಪ್ಪು.

ಕಾಯಿಲ್ ನಿಜವಾಗಿ ಮಾಡುವುದು ಗಿಡ್ಡ ವಿಪ್‌ನ ಕೆಪಾಸಿಟಿವ್ ರಿಯಾಕ್ಟನ್ಸ್ ರದ್ದುಗೊಳಿಸುವ ಕೆಲಸ. 7.1 ಮೆಗಾಹರ್ಟ್ಸ್‌ನಲ್ಲಿ 2.5 ಮೀಟರ್ ವಿಪ್‌ನ ವಿಕಿರಣ ರೋಧ ಸುಮಾರು 1.4 ಓಮ್, ಪೂರ್ಣ ಕಾಲು ತರಂಗದ್ದು 36. ಬುಡದಲ್ಲಿ ಸುಮಾರು 20 ಮೈಕ್ರೋಹೆನ್ರಿಯ ಕಾಯಿಲ್ ಬೇಕಾಗುತ್ತದೆ. ಅದರ ಕ್ಯೂ (ರಿಯಾಕ್ಟನ್ಸ್‌ಗೂ ನಷ್ಟದ ರೋಧಕ್ಕೂ ಇರುವ ಅನುಪಾತ) 200 ಇದ್ದರೂ ನಷ್ಟದ ರೋಧ 4.5 ಓಮ್ ಆಗಿ, ಶಕ್ತಿಯ ಮುಕ್ಕಾಲು ಪಾಲು ಸುರುಳಿಯನ್ನೇ ಬಿಸಿ ಮಾಡುತ್ತದೆ. ನೆಲದ ನಷ್ಟ ಬೇರೆ.

1983ರಿಂದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ನೆಲೆಯಾಗಿರುವ ಹೈದರಾಬಾದಿಗೆ ಈ ಲೆಕ್ಕ ಹತ್ತಿರದ್ದು. ಇದೇ ಊರಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್-40 ಟ್ರಾನ್ಸೀವರ್‌ನ ಶಕ್ತಿ ಸುಮಾರು 7 ವ್ಯಾಟ್. ಮೇಲಿನ ವಿಪ್‌ಗೆ ಜೋಡಿಸಿದರೆ ಗಾಳಿಗೆ ಸೇರುವುದು 2 ವ್ಯಾಟ್‌ಗೂ ಕಡಿಮೆ. ಕಾಯಿಲನ್ನು ನಡುಮಧ್ಯಕ್ಕೆ ಏರಿಸಿದರೆ ವಿಕಿರಣ ರೋಧ ಹೆಚ್ಚುತ್ತದೆ, ಆದರೆ ಇಂಡಕ್ಟನ್ಸ್ ಹೆಚ್ಚುಕಡಿಮೆ ಇಮ್ಮಡಿ ಬೇಕು. ತುದಿಯಲ್ಲಿ ಅಡ್ಡ ತಂತಿಗಳ ಟೋಪಿ ಕಟ್ಟಿದರೆ ಸಣ್ಣ ಕಾಯಿಲೇ ಸಾಕಾಗುತ್ತದೆ.